ಹೆರಾಲ್ಡ್ ಪಾಮರ್ ಮತ್ತು ಜಪಾನಿನ ಶಾಲೆಗಳ ಮಾತಿನ ಇಂಗ್ಲಿಷ್

ಲಂಡನ್ನಿನಲ್ಲಿ 1877ರಲ್ಲಿ ಜನಿಸಿದ ಹೆರಾಲ್ಡ್ ಪಾಮರ್ ಅವರು ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ಬೆಲ್ಜಿಯಂನ ವರ್ವಿಯೆ ಪಟ್ಟಣದಲ್ಲಿ ಇಂಗ್ಲಿಷ್ ಕಲಿಸುತ್ತಲೇ ಭಾಷಾಬೋಧನೆಯ ತತ್ತ್ವಗಳನ್ನು ಕಂಡುಕೊಂಡವರು. 1914ರ ಯುದ್ಧದಿಂದಾಗಿ ಇಂಗ್ಲೆಂಡಿಗೆ ಮರಳಿ, ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ ಅವರ ಒತ್ತಾಸೆಯಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಸೇರಿದರು. 1922ರಲ್ಲಿ ಜಪಾನಿನ ಶಿಕ್ಷಣ ಸಚಿವಾಲಯದ ಭಾಷಾ ಸಲಹೆಗಾರರಾಗಿ ತೆರಳಿದರು. ಮರುವರ್ಷ ಟೋಕಿಯೋದಲ್ಲಿ ಅವರ ನೇತೃತ್ವದ ಇಂಗ್ಲಿಷ್ ಬೋಧನಾ ಸಂಶೋಧನ ಸಂಸ್ಥೆ ಆರಂಭವಾಯಿತು.

ಅಲ್ಲಿನ ಮಾಧ್ಯಮಿಕ ಶಾಲೆಗಳಲ್ಲಿ ಇಂಗ್ಲಿಷ್ ಎಂದರೆ ಬಹುಮಟ್ಟಿಗೆ ಪಠ್ಯವನ್ನು ಜಪಾನಿ ಭಾಷೆಗೆ ತಿರುಗಿಸುವ ಕಸರತ್ತಾಗಿತ್ತು. ಪಾಮರ್ ಅವರ ಮೌಖಿಕ ವಿಧಾನದಲ್ಲಿ ವಿದ್ಯಾರ್ಥಿ ಮೊದಲು ಆಲಿಸಬೇಕು. ಅಧ್ಯಾಪಕರ ಆದೇಶವನ್ನು ಕ್ರಿಯೆಯಲ್ಲಿ ತೋರಬೇಕು. ಆನಂತರ ನಿಯತ ಪ್ರಶ್ನೋತ್ತರಗಳ ಮೂಲಕ ಮಾತಿಗಿಳಿಯಬೇಕು. ಬಾಗಿಲು ತೆರೆಯೆಂದೊಡನೆ ಎದ್ದು ತೆರೆದ ಹುಡುಗ ವಾಕ್ಯವನ್ನು ಗ್ರಹಿಸಿದ್ದಾನೆ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕಿರಲಿಲ್ಲ. ಬೋಧನೆಯೊಳಗೇ ಮೌಲ್ಯಮಾಪನ ಅಡಕವಾಗಿದ್ದುದು ಈ ವಿಧಾನದ ಹಿರಿಮೆ. ಪಾಮರ್ ಅವರನ್ನು ಕೇವಲ ಧ್ವನಿವಿಜ್ಞಾನಿಯೆಂದು ಗುರುತಿಸುವವರು ಇದನ್ನು ಮರೆಯುತ್ತಾರೆ. ಆದರೆ ಉನ್ನತ ಶಾಲೆಗಳ ಪ್ರವೇಶ ಪರೀಕ್ಷೆ ಅಳೆಯುತ್ತಿದ್ದುದು ಬರೆಹವನ್ನು, ಅನುವಾದವನ್ನು. ದೊಡ್ಡ ತರಗತಿಗಳ ಅಧ್ಯಾಪಕರು ಆ ಪರೀಕ್ಷೆಗೇ ಕಟ್ಟುಬಿದ್ದಿದ್ದರು. 1930ರ ದಶಕದಲ್ಲಿ ಫುಕುಶಿಮಾ ಮಾಧ್ಯಮಿಕ ಶಾಲೆಯವರು ಈ ವಿಧಾನವನ್ನು ತಮ್ಮ ಪರಿಸ್ಥಿತಿಗೆ ಹೊಂದಿಸಿಕೊಂಡರು. ಪಾಮರ್ ಅವರೂ ಕ್ರಮೇಣ ಪದಗಳ ಆಯ್ಕೆ ಹಾಗೂ ವಾಚನದತ್ತ ಹೊರಳಿದರು. ಇದನ್ನು ಸೋಲೆನ್ನುವುದಕ್ಕಿಂತ ಅನುಭವದ ಫಲವೆನ್ನಬೇಕು. 1936ರಲ್ಲಿ ಅವರು ಸ್ವದೇಶಕ್ಕೆ ಹೊರಟಾಗ ಸಂಸ್ಥೆಯ ಸಂಶೋಧನೆಯ ಹೊಣೆ ಎ. ಎಸ್. ಹಾರ್ನ್‌ಬಿ ಅವರ ಪಾಲಿಗೆ ಬಂತು. ಪಾಮರ್ 1949ರಲ್ಲಿ ನಿಧನರಾದರು.