ಜಾನ್ ಮಿಲ್ಟನ್

ಜಾನ್ ಮಿಲ್ಟನ್ (9 ಡಿಸೆಂಬರ್ 1608 – 8 ನವೆಂಬರ್ 1674) ಇಂಗ್ಲೆಂಡಿನ ಮಹಾಕವಿ, ಗದ್ಯಲೇಖಕ ಹಾಗೂ ಗಣರಾಜ್ಯ ಪದ್ಧತಿಯ ಪ್ರಬಲ ಸಮರ್ಥಕ. ಈತನ ಪ್ಯಾರಡೈಸ್ ಲಾಸ್ಟ್ ಇಂಗ್ಲಿಷ್ ಭಾಷೆಯ ಅತ್ಯುತ್ತಮ ಮಹಾಕಾವ್ಯಗಳಲ್ಲೊಂದೆಂದು ಪರಿಗಣಿತವಾಗಿದೆ. 43ನೆಯ ವಯಸ್ಸಿನಲ್ಲಿ ಸಂಪೂರ್ಣವಾಗಿ ದೃಷ್ಟಿ ಕಳೆದುಕೊಂಡ ಮಿಲ್ಟನ್, ಅನಂತರದ ತನ್ನ ಕೃತಿಗಳನ್ನು ಬಾಯಿಂದ ಹೇಳಿ ಬೇರೆಯವರ ಕೈಯಲ್ಲಿ ಬರೆಯಿಸಿದ. ಅಧ್ಯಯನವನ್ನೂ ಬೇರೆಯವರಿಂದ ಓದಿಸಿ ಕೇಳುತ್ತಲೇ ಮುಂದುವರಿಸಿದ.

ಜನನ ಮತ್ತು ಶಿಕ್ಷಣ

ಮಿಲ್ಟನ್ ಹುಟ್ಟಿದ್ದು ಲಂಡನ್ನಿನ ಬ್ರೆಡ್ ಸ್ಟ್ರೀಟ್‌ನಲ್ಲಿ. ತಂದೆ ದಸ್ತಾವೇಜುಗಳನ್ನು ಬರೆದುಕೊಡುವ ವೃತ್ತಿಯವನು, ಸಂಗೀತ ರಚನಕಾರನೂ ಹೌದು. ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದುತ್ತಿದ್ದಾಗ, 12ನೆಯ ವಯಸ್ಸಿನಿಂದಲೇ ಈತನಿಗೆ ನಡುರಾತ್ರಿಯವರೆಗೆ ದೀಪದ ಬೆಳಕಿನಲ್ಲಿ ಓದುವ ಅಭ್ಯಾಸವಿತ್ತು. ತನ್ನ ಕಣ್ಣಿನ ತೊಂದರೆಗೆ ಇದೇ ಮೊದಲ ಕಾರಣವೆಂದು ಮಿಲ್ಟನ್ ಮುಂದೆ ಭಾವಿಸಿದ. 1625ರಲ್ಲಿ ಕೇಂಬ್ರಿಡ್ಜಿನ ಕ್ರೈಸ್ಟ್ಸ್ ಕಾಲೇಜನ್ನು ಸೇರಿ 1632ರಲ್ಲಿ ಎಂ.ಎ. ಪದವಿ ಪಡೆದ. ಬಳಿಕ ಹಲವು ವರ್ಷ ತಂದೆಯ ಮನೆಯಲ್ಲಿದ್ದುಕೊಂಡು ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳನ್ನು ವ್ಯಾಸಂಗ ಮಾಡಿದ. 1638-39ರಲ್ಲಿ ಇಟಲಿಯಲ್ಲಿ ಪ್ರವಾಸ ಮಾಡಿ, ಅಲ್ಲಿ ವೃದ್ಧ ಗೆಲಿಲಿಯೋನನ್ನು ಭೇಟಿಯಾದ. ಆ ವೇಳೆಗೆ ಗೆಲಿಲಿಯೋ ಕೂಡ ದೃಷ್ಟಿಹೀನನಾಗಿದ್ದ.

ಸಾರ್ವಜನಿಕ ಜೀವನ

ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ ಮಿಲ್ಟನ್ ಪಾರ್ಲಿಮೆಂಟಿನ ಪಕ್ಷ ವಹಿಸಿದ. 1644ರಲ್ಲಿ ಪ್ರಕಟವಾದ ಅರಿಯೊಪಜಿಟಿಕ ಎಂಬ ಕಿರುಹೊತ್ತಿಗೆ ಮುದ್ರಣಪೂರ್ವ ಪರವಾನಗಿಯನ್ನು ವಿರೋಧಿಸಿದ ಪ್ರಸಿದ್ಧ ಗದ್ಯಕೃತಿ. 1649ರ ಜನವರಿಯಲ್ಲಿ ದೊರೆ ಒಂದನೆಯ ಚಾರ್ಲ್ಸನಿಗೆ ಮರಣದಂಡನೆಯಾಯಿತು. ಆ ವರ್ಷದ ಮಾರ್ಚ್‌ನಲ್ಲಿ ಮಿಲ್ಟನ್ ಹೊಸ ಸರ್ಕಾರದ ವಿದೇಶೀ ಭಾಷೆಗಳ ಕಾರ್ಯದರ್ಶಿಯಾಗಿ ನೇಮಕಗೊಂಡ. ಪರರಾಷ್ಟ್ರಗಳೊಡನೆ ಲ್ಯಾಟಿನ್ನಿನಲ್ಲಿ ಪತ್ರವ್ಯವಹಾರ ನಡೆಸುವುದು ಈ ಹುದ್ದೆಯ ಮುಖ್ಯ ಕೆಲಸವಾಗಿತ್ತು.

ಫ್ರಾನ್ಸಿನ ವಿದ್ವಾಂಸ ಸಾಲ್ಮೇಸಿಯಸ್ ದೊರೆಯ ಪರವಾಗಿ ಗ್ರಂಥ ಬರೆದಾಗ ಅದಕ್ಕೆ ಉತ್ತರ ಕೊಡುವ ಹೊಣೆ ಮಿಲ್ಟನ್ನನ ಪಾಲಿಗೆ ಬಂತು. ಆಗಲೇ ಒಂದು ಕಣ್ಣು ಬಹುಮಟ್ಟಿಗೆ ಹೋಗಿತ್ತು. ಈ ಬರವಣಿಗೆಯನ್ನು ಕೈಗೊಂಡರೆ ಉಳಿದ ಕಣ್ಣೂ ಹೋಗುವುದೆಂದು ವೈದ್ಯರು ಎಚ್ಚರಿಸಿದರು. ಮಿಲ್ಟನ್ ಹಿಂಜರಿಯದೆ ಬರೆದ. ಗ್ರಂಥ 1651ರಲ್ಲಿ ಪ್ರಕಟವಾಯಿತು. 1652ರ ಆರಂಭದ ಹೊತ್ತಿಗೆ ಎರಡು ಕಣ್ಣುಗಳೂ ಪೂರ್ಣವಾಗಿ ನಂದಿದ್ದವು. ಅದೇ ವರ್ಷ ಮಡದಿ ಮೇರಿ ಪೊವೆಲ್ ಮತ್ತು ಒಬ್ಬನೇ ಮಗ ತೀರಿಕೊಂಡರು. ಆನ್, ಮೇರಿ, ಡೆಬೊರಾ ಎಂಬ ಮೂವರು ಪುಟ್ಟ ಹೆಣ್ಣುಮಕ್ಕಳು ಉಳಿದರು.

ಉಕ್ತಲೇಖನದ ಕ್ರಮ

ಅಂಧತ್ವ ಬಂದ ಮೇಲೂ ಮಿಲ್ಟನ್ ಸರ್ಕಾರದ ಪತ್ರಗಳನ್ನು ಹೇಳಿ ಬರೆಯಿಸುತ್ತ ಹುದ್ದೆಯಲ್ಲಿ ಮುಂದುವರಿದ. 1657ರಲ್ಲಿ ಕವಿ ಆಂಡ್ರ್ಯೂ ಮಾರ್ವೆಲ್ ಅದೇ ಕಚೇರಿಗೆ ಸಹಾಯಕನಾಗಿ ಬಂದ.

ಮಹಾಕಾವ್ಯದ ರಚನೆ ಪತ್ರಲೇಖನಕ್ಕಿಂತ ಕಷ್ಟದ ಕೆಲಸವಾಗಿತ್ತು. ಈ ವಿಷಯದ ಮುಖ್ಯ ಆಧಾರ ಸೋದರಳಿಯ ಎಡ್ವರ್ಡ್ ಫಿಲಿಪ್ಸ್ ಬರೆದ ಜೀವನಚರಿತ್ರೆ. ಅದರ ಪ್ರಕಾರ ಮಿಲ್ಟನ್ ಹತ್ತು, ಇಪ್ಪತ್ತು ಅಥವಾ ಮೂವತ್ತು ಸಾಲುಗಳನ್ನು ಮನಸ್ಸಿನಲ್ಲೇ ರಚಿಸಿ ನೆನಪಿನಲ್ಲಿಟ್ಟುಕೊಂಡಿದ್ದು, ಆಗ ಹತ್ತಿರ ಯಾರಿದ್ದರೋ ಅವರಿಂದ ಬರೆಯಿಸುತ್ತಿದ್ದ. ಬರೆದವರು ಹಲವರಾದ್ದರಿಂದ ಕಾಗುಣಿತ ಮತ್ತು ವಿರಾಮಚಿಹ್ನೆಗಳಲ್ಲಿ ಏಕರೂಪತೆ ಇರುತ್ತಿರಲಿಲ್ಲ. ಫಿಲಿಪ್ಸ್ ಆಗಾಗ ಬಂದು ಆ ಹಾಳೆಗಳನ್ನು ನೋಡಿ ತಿದ್ದುತ್ತಿದ್ದ. ಕಾವ್ಯದ ಮೊದಲ ಸರ್ಗದ ಹಸ್ತಪ್ರತಿ ಈಗ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಅದರಲ್ಲಿರುವುದು ಲಿಪಿಕಾರನ ಬರಹ, ಕವಿಯದಲ್ಲ.

ಓದಿಸಿ ಕೇಳುವ ಅಧ್ಯಯನ

ಹೆಣ್ಣುಮಕ್ಕಳಲ್ಲಿ ಕಿರಿಯರಿಬ್ಬರಿಗೆ ಹಲವು ಭಾಷೆಗಳ ಲಿಪಿಯನ್ನೂ ಉಚ್ಚಾರಣೆಯನ್ನೂ ಕಲಿಸಿ, ಅವರಿಂದ ಗ್ರಂಥಗಳನ್ನು ಓದಿಸಲಾಗುತ್ತಿತ್ತು. ಆದರೆ ಆ ಭಾಷೆಗಳ ಅರ್ಥ ಅವರಿಗೆ ತಿಳಿಯುತ್ತಿರಲಿಲ್ಲ. ಮಾತಿನ ತೊಡಕಿದ್ದ ಹಿರಿಯ ಮಗಳಿಗೆ ಇದರಿಂದ ವಿನಾಯಿತಿ ಇತ್ತು. ಅರ್ಥವಾಗದ ಪುಟಗಳನ್ನು ದಿನವೂ ಗಟ್ಟಿಯಾಗಿ ಓದುವುದು ಆ ಹುಡುಗಿಯರಿಗೆ ಬೇಸರ ತಂದಿತು. ಕೊನೆಗೆ ಅವರು ತಂದೆಯ ಮನೆಯನ್ನು ಬಿಟ್ಟು ಹೊರಗೆ ನೆಲೆಸಿದರು. ಕವಿಯ ಬರಹ ಮತ್ತು ವ್ಯಾಸಂಗಕ್ಕಾಗಿ ಮನೆಯವರು ತೆತ್ತ ಬೆಲೆಯನ್ನು ಜೀವನಚರಿತ್ರಕಾರರು ಕಡೆಗಣಿಸಿಲ್ಲ.

1662ರಿಂದ ಥಾಮಸ್ ಎಲ್‌ವುಡ್ ಎಂಬ ಕ್ವೇಕರ್ ಪಂಥದ ಯುವಕ ಲ್ಯಾಟಿನ್ ಗ್ರಂಥಗಳನ್ನು ಓದಿ ಹೇಳಲು ಬರತೊಡಗಿದ. ಲ್ಯಾಟಿನ್ನನ್ನು ಇಂಗ್ಲಿಷಿನ ರೀತಿಯಲ್ಲಲ್ಲದೆ ಇಟಲಿಯವರ ರೀತಿಯಲ್ಲಿ ಉಚ್ಚರಿಸುವುದನ್ನು ಮಿಲ್ಟನ್ ಅವನಿಗೆ ಕಲಿಸಿದ. ಓದುವವನಿಗೆ ಅರ್ಥವಾಗದಿದ್ದರೆ ಅದು ಧ್ವನಿಯ ಏರಿಳಿತದಿಂದಲೇ ಮಿಲ್ಟನ್ನನಿಗೆ ತಿಳಿಯುತ್ತಿತ್ತು. ಅಲ್ಲಿಯೇ ನಿಲ್ಲಿಸಿ ಆ ಭಾಗವನ್ನು ವಿವರಿಸುತ್ತಿದ್ದ. ಹೀಗೆ ಈ ಓದು ಇಬ್ಬರಿಗೂ ಪಾಠವಾಯಿತು.

ಕೊನೆಯ ವರ್ಷಗಳು

1660ರಲ್ಲಿ ರಾಜಪ್ರಭುತ್ವ ಮರಳಿದಾಗ ಮಿಲ್ಟನ್ ತಲೆಮರೆಸಿಕೊಳ್ಳಬೇಕಾಯಿತು. ಈತನ ಪುಸ್ತಕಗಳನ್ನು ಸುಡಲಾಯಿತು. ಕೆಲಕಾಲ ಸೆರೆಯಲ್ಲಿದ್ದು ಬಿಡುಗಡೆ ಹೊಂದಿದ. 1663ರಲ್ಲಿ ಮೂರನೆಯ ಮದುವೆಯಾಯಿತು. 1665ರಲ್ಲಿ ಲಂಡನ್ನಿನಲ್ಲಿ ಪ್ಲೇಗ್ ಹಬ್ಬಿದಾಗ ಎಲ್‌ವುಡ್ ಚಾಲ್‌ಫಂಟ್ ಸೇಂಟ್ ಜೈಲ್ಸ್ ಎಂಬ ಹಳ್ಳಿಯಲ್ಲಿ ಮನೆಯೊಂದನ್ನು ಗೊತ್ತುಮಾಡಿಕೊಟ್ಟ. ಮುಗಿದ ಮಹಾಕಾವ್ಯದ ಹಸ್ತಪ್ರತಿ ಅಲ್ಲಿಯೇ ಎಲ್‌ವುಡ್‌ನ ಕೈಗೆ ಓದಲು ಬಂದಿತು.

1667ರಲ್ಲಿ ಮುದ್ರಕ ಸ್ಯಾಮ್ಯುಯೆಲ್ ಸಿಮನ್ಸ್ ಪ್ಯಾರಡೈಸ್ ಲಾಸ್ಟ್ ಕಾವ್ಯವನ್ನು ಹತ್ತು ಸರ್ಗಗಳಲ್ಲಿ ಅಚ್ಚುಹಾಕಿದ. ಕವಿಗೆ ಒಪ್ಪಂದದ ವೇಳೆ 5 ಪೌಂಡ್, ಮೊದಲ ಮುದ್ರಣ ಮಾರಾಟವಾದ ಬಳಿಕ ಇನ್ನೂ 5 ಪೌಂಡ್ ದೊರಕಿತು. 1671ರಲ್ಲಿ ಪ್ಯಾರಡೈಸ್ ರೀಗೇನ್ಡ್ ಹಾಗೂ ಸ್ಯಾಮ್ಸನ್ ಅಗೋನಿಸ್ಟಿಸ್ ಒಟ್ಟಿಗೆ ಪ್ರಕಟವಾದವು. ಎರಡನೆಯದರ ನಾಯಕನೂ ಅಂಧನೇ. 1674ರಲ್ಲಿ ಪ್ಯಾರಡೈಸ್ ಲಾಸ್ಟ್ ಹನ್ನೆರಡು ಸರ್ಗಗಳಾಗಿ ಮರುಮುದ್ರಣಗೊಂಡಿತು. ಅದೇ ವರ್ಷ ನವೆಂಬರ್‌ನಲ್ಲಿ ಮಿಲ್ಟನ್ ನಿಧನನಾದ. ಈತನ ಸಮಾಧಿ ಲಂಡನ್ನಿನ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಚರ್ಚಿನಲ್ಲಿದೆ.

ಪ್ರಭಾವ

10,000ಕ್ಕೂ ಹೆಚ್ಚು ಸಾಲುಗಳ ಈ ಕಾವ್ಯ ಅಂತ್ಯಪ್ರಾಸವಿಲ್ಲದ ಛಂದಸ್ಸಿನಲ್ಲಿದೆ. ಸಾಲಿನಿಂದ ಸಾಲಿಗೆ ಹರಿಯುವ ಇದರ ನೀಳವಾಕ್ಯಗಳು ಗಟ್ಟಿಯಾಗಿ ಓದಿದಾಗ ಹೆಚ್ಚು ಸ್ಪಷ್ಟವಾಗುತ್ತವೆ. ಇಂಗ್ಲಿಷ್ ರಮ್ಯ ಕವಿಗಳ ಮೇಲೆ ಮಿಲ್ಟನ್ನನ ಪ್ರಭಾವ ಗಾಢವಾಗಿದೆ. ಕನ್ನಡದಲ್ಲಿ ಕುವೆಂಪು ತಮ್ಮ ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯದ ಆರಂಭದಲ್ಲಿ ಹೋಮರ್, ವರ್ಜಿಲ್, ಡಾಂಟೆಯರೊಂದಿಗೆ ಮಿಲ್ಟನ್ನನನ್ನೂ ಸ್ಮರಿಸಿದ್ದಾರೆ.