ರಹೀಮ್ ಸಾಹೇಬರು: ಹತ್ತು ಗೋಲಿನ ಸೋಲಿನಿಂದ ಚಿನ್ನದವರೆಗೆ

ಕಳೆದ ರಜೆಯಲ್ಲಿ ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ನಾನು ಫುಟ್‌ಬಾಲ್ ಮ್ಯಾನೇಜರ್ ಎಂಬ ಆಟ ಕಲಿತೆ. ಅದರಲ್ಲಿ ನಾವು ಚೆಂಡು ಒದೆಯುವುದಿಲ್ಲ. ಕೋಚ್ ಆಗಿ ಕುಳಿತು ಯಾರು ಎಲ್ಲಿ ನಿಲ್ಲಬೇಕು, ಯಾರು ಮುಂದೆ ನುಗ್ಗಬೇಕು, ಯಾರು ಹಿಂದೆ ಉಳಿಯಬೇಕು ಎಂದು ತೀರ್ಮಾನಿಸಬೇಕು. ನನಗೆ ಗೋಲು ಹೊಡೆಯುವವರೆಂದರೆ ಪ್ರಾಣ. ಆದ್ದರಿಂದ ನಾಲ್ವರು ಫಾರ್ವರ್ಡ್‌ಗಳನ್ನು ಇಟ್ಟೆ, ಎರಡೂ ಬದಿಯ ಬ್ಯಾಕ್‌ಗಳನ್ನೂ ಅಟ್ಯಾಕ್‌ಗೆ ಕಳುಹಿಸಿದೆ. ಮೊದಲ ಐದು ಪಂದ್ಯಗಳಲ್ಲಿ ನಾಲ್ಕು ಸೋತೆ. ಪ್ರತಿ ಸಲವೂ ನಮ್ಮವರು ಎದುರಾಳಿಯ ಗೋಲಿನ ಮುಂದೆ ಗುಂಪುಗಟ್ಟಿರುತ್ತಿದ್ದರು, ನಮ್ಮ ಗೋಲಿನ ಮುಂದೆ ಯಾರೂ ಇರುತ್ತಿರಲಿಲ್ಲ.

ಅದೇ ವಾರ ನಮ್ಮ ಬಡಾವಣೆಯ ತಂಡದಲ್ಲಿ ನನಗೆ ಹಾಫ್‌ಬ್ಯಾಕ್ ಸ್ಥಾನ ಕೊಟ್ಟರು. ನಾನು ಆಸೆಪಟ್ಟಿದ್ದು ಸೆಂಟರ್ ಫಾರ್ವರ್ಡ್ ಸ್ಥಾನಕ್ಕೆ. ಸಿಟ್ಟಿನಿಂದ ಎರಡು ದಿನ ಅಭ್ಯಾಸಕ್ಕೆ ಹೋಗಲಿಲ್ಲ. ನನ್ನ ನಾನಾ ಲ್ಯಾಪ್‌ಟಾಪ್ ಇಣುಕಿ ನೋಡಿ ನಕ್ಕರು. ಈ ತಂಡ ಗೆಲ್ಲುವುದಿಲ್ಲ, ಮೊದಲು ಹೈದರಾಬಾದಿನ ರಹೀಮ್ ಸಾಹೇಬರ ಬಗ್ಗೆ ತಿಳಿದುಕೋ ಎಂದರು. 'ಮೈದಾನ್' ಸಿನಿಮಾ ನೋಡಿದವರಿಗೆ ಹೆಸರು ಗೊತ್ತಿರಬಹುದು. ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸೈಯದ್ ಅಬ್ದುಲ್ ರಹೀಮ್ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಶಾಲಾ ಶಿಕ್ಷಕರಾದರು. ಕೋಚ್ ಆದ ಮೇಲೂ ಅವರು ಮೇಷ್ಟ್ರಾಗಿಯೇ ಉಳಿದರು ಎಂದು ನನಗೆ ಅನಿಸುತ್ತದೆ. ಮಕ್ಕಳು ಎಲ್ಲಿ ತಪ್ಪುತ್ತಾರೆ ಎಂದು ಒಳ್ಳೆಯ ಮೇಷ್ಟ್ರಿಗೆ ಗೊತ್ತಿರುತ್ತದೆ. ನಮ್ಮ ಆಟಗಾರರು ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬರೇ ಓಡುವುದನ್ನು ರಹೀಮ್ ಸಾಹೇಬರು ಗಮನಿಸಿದರು. ಅದಕ್ಕಾಗಿ ಡ್ರಿಬ್ಲಿಂಗ್ ಮಾಡಲೇಬಾರದು ಎಂಬ ನಿಯಮದ ಪಂದ್ಯಗಳನ್ನು ಆಡಿಸಿದರು. ಬಲಗಾಲಿನವರು ಎಡಗಾಲಲ್ಲೂ ಒದೆಯುವುದನ್ನು ಕಲಿಯಬೇಕಿತ್ತು.

1950ರಿಂದ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್. ಆ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ಸಲ ರೋವರ್ಸ್ ಕಪ್ ಗೆದ್ದಿತು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ರಹೀಮ್ ಸಾಹೇಬರ ಭಾರತ ತಂಡ ಫೈನಲ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಅಲ್ಲಿ ಯುಗೊಸ್ಲಾವಿಯಾ ನಮಗೆ ಹತ್ತು ಗೋಲು ಹೊಡೆಯಿತು. ನಮ್ಮ ಕಡೆಯಿಂದ ಬಂದದ್ದು ಒಂದೇ ಗೋಲು, ಅದನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದ್ದರು. ಆಗಿನ ಹಳೆಯ ಪದ್ಧತಿಯಲ್ಲಿ ಐವರು ಫಾರ್ವರ್ಡ್, ಮೂವರು ಹಾಫ್‌ಬ್ಯಾಕ್, ಹಿಂದೆ ಇಬ್ಬರೇ ಬ್ಯಾಕ್. ಇದನ್ನು ಓದಿದಾಗ ನನಗೆ ನನ್ನ ಲ್ಯಾಪ್‌ಟಾಪ್ ತಂಡವೇ ನೆನಪಾಯಿತು. ಎಲ್ಲರೂ ಮುಂದೆ, ಹಿಂದೆ ಬಯಲು.

ಅಂಥ ಸೋಲಿನ ನಂತರ ಆಟಗಾರರನ್ನು ಬೈದು ಸುಮ್ಮನಾಗಬಹುದಿತ್ತು. ರಹೀಮ್ ಸಾಹೇಬರು ಲೆಕ್ಕವನ್ನೇ ಮತ್ತೆ ಬರೆದರು. ಇಬ್ಬರು ಬ್ಯಾಕ್‌ಗಳಿದ್ದಲ್ಲಿ ಮೂವರನ್ನು ನಿಲ್ಲಿಸಿದರು. ಮುಂದೆ ನಾಲ್ವರು ಹಿಂದೆ, ಇಬ್ಬರು ನಡುವೆ, ನಾಲ್ವರು ಮುಂದೆ ಇರುವ 4-2-4 ಪದ್ಧತಿಗೂ ಬಂದರು. ಬೂಟು ಹಾಕುವುದನ್ನು ಫುಟ್‌ಬಾಲ್ ಒಕ್ಕೂಟ ಕಡ್ಡಾಯ ಮಾಡಿತು. ಅಕೌಂಟೆನ್ಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಮ್ಮ ಮೇಷ್ಟ್ರು ಕೊನೆಯ ಮೊತ್ತ ತಿದ್ದಲು ಬಿಡುವುದಿಲ್ಲ. ತಪ್ಪಿದ ನಮೂದು ಎಲ್ಲಿದೆ ಎಂದು ಹುಡುಕಿಸುತ್ತಾರೆ. ರಹೀಮ್ ಸಾಹೇಬರೂ ಅದನ್ನೇ ಮಾಡಿದರು.

ಫಲ ಸಿಕ್ಕಿದ್ದು 1956ರಲ್ಲಿ, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ. ಭಾರತ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯಾ. ಈ ಸಲ ಮೊದಲ ಗೋಲು ನಮ್ಮದು! ಕೊನೆಗೆ 4-1ರಿಂದ ಸೋತರೂ ನಾಲ್ಕನೆಯ ಸ್ಥಾನ ಬಂತು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತ ಇಂದಿಗೂ ಅದಕ್ಕಿಂತ ಮೇಲೆ ಹೋಗಿಲ್ಲ. ಆ ತಂಡದಲ್ಲಿ ನಮ್ಮ ಮೈಸೂರು ರಾಜ್ಯದ ಕೆಂಪಯ್ಯ ಇದ್ದರು. ಅವರು ಹಾಫ್‌ಬ್ಯಾಕ್. ಇದನ್ನು ಓದಿ ನನಗೆ ಸ್ವಲ್ಪ ನಾಚಿಕೆಯಾಯಿತು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಜೊತೆ 1-1ರಿಂದ ಡ್ರಾ ಮಾಡಿಕೊಂಡಿತು. ಆ ತಂಡದಲ್ಲಿ ರಹೀಮ್ ಸಾಹೇಬರ ಮಗ ಹಕೀಮ್ ಕೂಡ ಇದ್ದರು. ಅಪ್ಪನೇ ಕೋಚ್. ಆದರೂ ಮಗನಿಗೆ ಒಂದು ಪಂದ್ಯದಲ್ಲೂ ಆಡಲು ಅವಕಾಶ ಸಿಗಲಿಲ್ಲ.

1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್. ಆ ಹೊತ್ತಿಗೆ ಅವರ ಶ್ವಾಸಕೋಶಕ್ಕೆ ಕ್ಯಾನ್ಸರ್ ತಗುಲಿತ್ತು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ ನಮ್ಮನ್ನು 2-0ರಿಂದ ಸೋಲಿಸಿತು. ಥಾಯ್ಲೆಂಡ್ ವಿರುದ್ಧ ಗೆದ್ದರೂ ನಮ್ಮ ಗಟ್ಟಿ ಬ್ಯಾಕ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಬೇಕಾಯಿತು. ಗಾಯಗೊಂಡ ಬ್ಯಾಕ್‌ನನ್ನು ಬೆಂಚಿನಲ್ಲಿ ಕೂರಿಸುವುದು ಸುಲಭದ ದಾರಿ. ರಹೀಮ್ ಸಾಹೇಬರು ಅವರನ್ನು ಸೆಮಿಫೈನಲ್‌ನಲ್ಲಿ ಸೆಂಟರ್ ಫಾರ್ವರ್ಡ್ ಆಗಿ ಇಳಿಸಿದರು! ಹಿಂದಿನ ಕಾವಲಿಗೆ ಅರುಣ್ ಘೋಷ್ ಇದ್ದರು. ಒಂದು ಕಡೆಯಿಂದ ತೆಗೆದರೆ ಇನ್ನೊಂದು ಕಡೆ ತುಂಬಬೇಕು, ಅದು ಅವರ ಲೆಕ್ಕ. ದಕ್ಷಿಣ ವಿಯೆಟ್ನಾಂ ವಿರುದ್ಧ 3-2ರಿಂದ ಗೆದ್ದೆವು. ಜರ್ನೈಲ್ ಕೂಡ ಒಂದು ಗೋಲು ಹೊಡೆದರು.

ಸೆಪ್ಟೆಂಬರ್ 4ರಂದು ಫೈನಲ್. ಮತ್ತೆ ದಕ್ಷಿಣ ಕೊರಿಯಾ. ರಾಜಕೀಯ ಕಾರಣದಿಂದ ಜನ ಭಾರತದ ಮೇಲೆ ಸಿಟ್ಟಾಗಿದ್ದರು, ಇಡೀ ಕ್ರೀಡಾಂಗಣ ನಮ್ಮ ವಿರುದ್ಧ ಕೂಗುತ್ತಿತ್ತು. ಮೊದಲು ಪಿ.ಕೆ. ಬ್ಯಾನರ್ಜಿ, ಆಮೇಲೆ ಜರ್ನೈಲ್ ಸಿಂಗ್ ಗೋಲು ಹೊಡೆದರು. ಭಾರತ 2-1ರಿಂದ ಚಿನ್ನ ಗೆದ್ದಿತು. ಅಂದಿನಿಂದ ಇಂದಿನವರೆಗೆ ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ನಮಗೆ ಇನ್ನೊಂದು ಚಿನ್ನ ಬಂದಿಲ್ಲ. ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು, ರಹೀಮ್ ಸಾಹೇಬರು ತೀರಿಕೊಂಡರು. ವಯಸ್ಸು 53.

ಅವರ ಬಗ್ಗೆ ತಿಳಿದ ಮೇಲೆ ನನ್ನ ಲ್ಯಾಪ್‌ಟಾಪ್ ತಂಡವನ್ನು ಬದಲಿಸಿದೆ. ಒಂದು ಬದಿಯ ಬ್ಯಾಕ್ ಮೇಲೆ ಹೋದರೆ ಇನ್ನೊಂದು ಬದಿಯವನು ನಿಲ್ಲುತ್ತಾನೆ. ನಡುವಿನ ಇಬ್ಬರಲ್ಲಿ ಒಬ್ಬನಿಗೆ ಡಿಫೆಂಡ್ ಕೆಲಸ. ದಣಿದವನಿಗೆ ವಿಶ್ರಾಂತಿ. ಕಪ್ ಗೆಲ್ಲಲಿಲ್ಲ, ಆದರೆ ಕೊನೆಯ ಸ್ಥಾನದಿಂದ ಆರನೆಯ ಸ್ಥಾನಕ್ಕೆ ಬಂದೆವು.

ಮೂರನೆಯ ದಿನ ಬಡಾವಣೆಯ ಮೈದಾನಕ್ಕೂ ಹೋದೆ. ಯಾರೂ ಏನೂ ಕೇಳಲಿಲ್ಲ. ಆ ಭಾನುವಾರದ ಪಂದ್ಯ 0-0 ಡ್ರಾ ಆಯಿತು. ಗೋಲು ಹೊಡೆಯದವನನ್ನು ಯಾರೂ ನೆನಪಿಡುವುದಿಲ್ಲ. ಆದರೆ ಎದುರು ತಂಡದ ಅತ್ಯಂತ ವೇಗದ ಹುಡುಗನನ್ನು ಕಾಯುವ ಕೆಲಸ ನನ್ನದಾಗಿತ್ತು. ಅವನಿಗೆ ಒಂದೂ ಗೋಲು ಸಿಗಲಿಲ್ಲ. ಅದನ್ನು ನಾನಾಗೆ ಹೇಳಿದೆ. ಅವರು ಮತ್ತೆ ನಕ್ಕರು.