ಅಕ್ಕನವರು ಎಳೆದ ಗೆರೆ



ಹತ್ತು ಜನ ಓಡಾಡುವ ಸ್ಥಳದಲ್ಲಿ ಅಸಭ್ಯವಾಗಿ ನಡೆದುಕೊಳ್ಳುವವರಿಗೆ ಸರ್ಕಾರದ ಕಾನೂನು ಶಿಕ್ಷೆ ವಿಧಿಸುತ್ತದೆ. ಅಂಥ ಕಾನೂನು ಇರಬೇಕಾದದ್ದೇ. ಆದರೆ ಅಸಭ್ಯವೆಂದರೆ ಯಾವುದು, ಮನುಷ್ಯನ ಸ್ವಂತ ಸ್ವಾತಂತ್ರ್ಯ ಎಲ್ಲಿಯವರೆಗೆ ಎಂಬ ವಿಚಾರ ಬಂದಾಗ, ವೈರಾಗ್ಯನಿಧಿ ಅಕ್ಕಮಹಾದೇವಿಯವರ ಹೆಸರು ಬಾರದೆ ಇರುವುದಿಲ್ಲ. ಉಟ್ಟ ಸೀರೆಯನ್ನು ತೊರೆದು ರಾಜಮಾರ್ಗದಲ್ಲಿ ನಡೆದ ತಾಯಿಯನ್ನು ನಾವು ಪೂಜಿಸುತ್ತೇವೆ. ಬೀದಿಯಲ್ಲಿ ಲಜ್ಜೆ ಬಿಟ್ಟವನನ್ನು ಪೊಲೀಸರಿಗೆ ಒಪ್ಪಿಸುತ್ತೇವೆ. ಇವೆರಡರ ನಡುವಿನ ಭೇದವನ್ನು ತಿಳಿಯಬೇಕಾದರೆ ಅಕ್ಕನವರ ಚರಿತ್ರೆಯನ್ನೇ ಸಾವಧಾನವಾಗಿ ಮನನ ಮಾಡಬೇಕು.

ಹನ್ನೆರಡನೆಯ ಶತಮಾನದಲ್ಲಿ, ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ ಉಡುತಡಿಯಲ್ಲಿ ಮಹಾದೇವಿಯವರ ಅವತಾರವಾಯಿತು. ತಂದೆ ನಿರ್ಮಲಶೆಟ್ಟಿ, ತಾಯಿ ಸುಮತಿ ಎಂದು ಪರಂಪರೆ ಹೇಳುತ್ತದೆ. ದವನದ ಹುಣ್ಣಿಮೆಯಂದು ನಾವು ಅಕ್ಕನವರ ಜಯಂತಿಯನ್ನು ಆಚರಿಸುತ್ತೇವೆ. ಎಳವೆಯಲ್ಲಿಯೇ ಗುರುವಿನಿಂದ ಇಷ್ಟಲಿಂಗವನ್ನು ಪಡೆದ ಆ ಶಿಶು ಶ್ರೀಶೈಲದ ಚೆನ್ನಮಲ್ಲಿಕಾರ್ಜುನನೇ ತನ್ನ ಪತಿಯೆಂದು ನಿಶ್ಚಯಿಸಿಕೊಂಡಿತು. ಶರಣಸತಿ ಲಿಂಗಪತಿ ಎಂಬ ನಮ್ಮ ತತ್ತ್ವ ಆ ಬಾಲಕಿಗೆ ಬದುಕಿನ ನಿಜವೇ ಆಗಿತ್ತು.

ಆ ನಾಡಿನ ಅರಸ ಕೌಶಿಕ ಒಂದು ದಿನ ಮೆರವಣಿಗೆಯಲ್ಲಿ ಬರುವಾಗ ಮಹಾದೇವಿಯವರನ್ನು ಕಂಡು ಮೋಹಿತನಾದ. ಅವನು ಭವಿ. ಮಗಳನ್ನು ಕೊಡದಿದ್ದರೆ ತಂದೆ ತಾಯಿಗೆ ಕೇಡು ತಪ್ಪದೆಂಬ ಬೆದರಿಕೆ ಬಂತು. ಹೆತ್ತವರ ಪ್ರಾಣಕ್ಕಾಗಿ ಮಹಾದೇವಿಯವರು ಅರಮನೆಗೆ ಹೋಗಲು ಒಪ್ಪಿದರು. ಆದರೆ ಷರತ್ತು ವಿಧಿಸಿ ಒಪ್ಪಿದರು. ತನ್ನ ಲಿಂಗಪೂಜೆಗೆ, ಗುರುಸೇವೆಗೆ, ಜಂಗಮದಾಸೋಹಕ್ಕೆ ಅಡ್ಡಿ ಬರಕೂಡದು. ಮೂರು ತಪ್ಪಿನವರೆಗೆ ಸೈರಿಸುವೆ, ಆಮೇಲೆ ನನ್ನ ದಾರಿ ನನ್ನದು ಎಂಬುದು ಅದರ ಸಾರ. ಹರಿಹರ ಕವಿಯ ರಗಳೆ ಮದುವೆ ನಡೆಯಿತೆಂದು ಹೇಳಿದರೆ, ಚಾಮರಸನ ಪ್ರಭುಲಿಂಗಲೀಲೆ ಮದುವೆಯೇ ಆಗಲಿಲ್ಲವೆಂದು ಹೇಳುತ್ತದೆ. ಅರಸ ಮಾತಿಗೆ ತಪ್ಪಿದನೆಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅರಮನೆಯ ರೇಷ್ಮೆ, ಒಡವೆಗಳೆಲ್ಲ ಆ ಅರಸನ ಒಡೆತನದ ಗುರುತುಗಳಾಗಿದ್ದವು. ಉಟ್ಟ ಬಟ್ಟೆಯ ಋಣವೂ ಅವನಿಗೆ ಉಳಿಯಬಾರದೆಂದು ಮಹಾದೇವಿಯವರು ಎಲ್ಲವನ್ನೂ ಅಲ್ಲಿಯೇ ಬಿಟ್ಟು, ನೀಳವಾದ ಕೂದಲನ್ನೇ ಮೈತುಂಬ ಹೊದ್ದು ಕೇಶಾಂಬರೆಯಾಗಿ ಹೊರಟರು. ಯಾರನ್ನೂ ಕೆಣಕಬೇಕೆಂದಾಗಲಿ, ಯಾರ ಕಣ್ಣನ್ನಾದರೂ ಸೆಳೆಯಬೇಕೆಂದಾಗಲಿ ಅವರು ಹಾಗೆ ಮಾಡಿದವರಲ್ಲ. ತನ್ನ ದೇಹ ಯಾವ ಅರಸನ ಸೊತ್ತೂ ಅಲ್ಲವೆಂದು ಒಂದೂ ಮಾತಾಡದೆ ಸಾರಿದರು.

ಉಡುತಡಿಯಿಂದ ಕಲ್ಯಾಣದ ದಾರಿ ನೂರಾರು ಮೈಲಿ. ಒಂಟಿ ಹೆಣ್ಣು. ಹಸಿವಾದರೆ ಭಿಕ್ಷೆ, ನೀರಡಿಕೆಗೆ ಹಳ್ಳ ಬಾವಿ, ಮಲಗಲು ಹಾಳು ದೇಗುಲ. ದಾರಿಯಲ್ಲಿ ನೋಡಿ ನಕ್ಕವರಿದ್ದರು, ಕೆಟ್ಟ ಕಣ್ಣಿಂದ ಹಿಂಬಾಲಿಸಿದವರೂ ಇದ್ದರು. ಅಂಥವರನ್ನು ಅಕ್ಕನವರು ಅಣ್ಣಗಳೆಂದೇ ಕರೆದು ತಿಳಿಹೇಳಿ ಕಳಿಸಿದರು. ಕಲ್ಯಾಣದಲ್ಲಿ ಪರೀಕ್ಷಿಸಲು ಎದುರಾದ ಕಿನ್ನರಿ ಬೊಮ್ಮಯ್ಯನವರು ಆಕೆಯ ನಿಲುವನ್ನು ಕಂಡು ತಾವೇ ತಲೆಬಾಗಿದರು.

ಮುಂದೆ ಅನುಭವ ಮಂಟಪ. ಶೂನ್ಯಸಿಂಹಾಸನದಲ್ಲಿ ಅಲ್ಲಮಪ್ರಭುದೇವರು, ಸುತ್ತ ಬಸವಣ್ಣನವರು, ಚೆನ್ನಬಸವಣ್ಣನವರು ಮೊದಲಾದ ಶರಣಗಣ. ಪ್ರಭುದೇವರು ಸುಲಭವಾಗಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಕಟುವಾದ ಪ್ರಶ್ನೆಗಳನ್ನೇ ಕೇಳಿದರು. ಅವುಗಳಲ್ಲಿ ಒಂದು ನಮ್ಮ ವಿಚಾರಕ್ಕೆ ನೇರವಾಗಿ ಸಲ್ಲುತ್ತದೆ. ದೇಹಭಾವ ಅಳಿದಿದ್ದರೆ, ಸೀರೆ ಬಿಟ್ಟ ಮೇಲೆ ಕೂದಲಿನ ಮರೆ ಏಕೆ ಬೇಕಾಯಿತು ಎಂಬುದು ಪ್ರಭುಗಳ ಪ್ರಶ್ನೆ. ಅದಕ್ಕೆ ಅಕ್ಕನವರು ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: ಈ ಮರೆ ನನ್ನ ನಾಚಿಕೆಗಾಗಿ ಅಲ್ಲ, ನನ್ನನ್ನು ಕಂಡು ನಿಮ್ಮ ಮನಸ್ಸಿಗೆ ನೋವಾಗಬಾರದೆಂದು. ಸಭೆ ಮೌನವಾಯಿತು. ಅಂದಿನಿಂದ ಮಹಾದೇವಿಯವರು ಎಲ್ಲ ಶರಣರಿಗೂ ಅಕ್ಕನಾದರು.

ಬಂಧುಗಳೇ, ನಾವು ಹುಡುಕುವ ಗೆರೆ ಇಲ್ಲಿಯೇ ಇದೆ. ದೇಹದ ಹಂಗು ಹರಿದ ಮಹಾಶರಣೆಯೂ ಎದುರಿಗಿರುವವರ ಮನಸ್ಸನ್ನು ನೋಯಿಸುವ ಹಕ್ಕು ತನಗಿದೆಯೆಂದು ಹೇಳಲಿಲ್ಲ. ತನ್ನ ಸ್ವಾತಂತ್ರ್ಯವನ್ನು ಅರಸನಿಗೂ ಬಿಟ್ಟುಕೊಡಲಿಲ್ಲ. ಆದರೆ ಅದೇ ಸ್ವಾತಂತ್ರ್ಯಕ್ಕೆ ಕರುಣೆಯ ಎಲ್ಲೆಯನ್ನು ತಾನಾಗಿಯೇ ಹಾಕಿಕೊಂಡಳು ಆ ತಾಯಿ.

ನಮ್ಮ ದೇಶದ ಕಾನೂನಿನ ಮಾತೂ ಇದಕ್ಕೆ ದೂರವಾಗಿಲ್ಲ. 1860ರ ದಂಡಸಂಹಿತೆಯ 294ನೇ ಕಲಂ, ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ, ಸಾರ್ವಜನಿಕ ಸ್ಥಳದ ಅಶ್ಲೀಲ ಕೃತ್ಯಕ್ಕೆ ಮೂರು ತಿಂಗಳವರೆಗೆ ಸೆರೆವಾಸವನ್ನು ಹೇಳುತ್ತದೆ. ಆದರೆ ಆ ಕೃತ್ಯದಿಂದ ಇತರರಿಗೆ ಕಿರುಕುಳವಾಗಿರಬೇಕೆಂಬುದನ್ನೂ ಸೇರಿಸಿ ಹೇಳುತ್ತದೆ. ಬರಿಯ ಮೈ ಕಂಡಿತೆಂದ ಮಾತ್ರಕ್ಕೆ ಅಶ್ಲೀಲವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ 1996ರಲ್ಲಿ ಒಂದು ಚಲನಚಿತ್ರದ ಪ್ರಕರಣದಲ್ಲಿ ತಿಳಿಸಿದೆ. ಶ್ರವಣಬೆಳಗೊಳದ ಗೊಮ್ಮಟಸ್ವಾಮಿಯ ಮುಂದೆ ನಿಂತವನಿಗೆ ವಿಕಾರ ಹುಟ್ಟುವುದಿಲ್ಲ. ದಿಗಂಬರ ಮುನಿಗಳು ಊರೊಳಗೆ ಬಂದರೆ ಜನ ದಾರಿ ಬಿಟ್ಟು ಕೈಮುಗಿಯುತ್ತಾರೆ. ಅಲ್ಲಿ ಕಾಣುವುದು ತ್ಯಾಗ.

ಹಾಗೆಂದು ದೇವರ ಹೆಸರಿನಲ್ಲಿ ನಡೆದದ್ದೆಲ್ಲ ಅಕ್ಕನವರ ದಾರಿ ಆಗುವುದಿಲ್ಲ. ಉಡುತಡಿ ಇರುವ ಜಿಲ್ಲೆಯಲ್ಲಿಯೇ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ, ರೇಣುಕಾಂಬೆಯ ಜಾತ್ರೆಗೆ ಬೆತ್ತಲೆ ಸೇವೆಯ ಹರಕೆ ಇತ್ತು. ಹರಕೆ ಹೊತ್ತ ಬಡ ಹೆಣ್ಣುಮಕ್ಕಳು ವರದೆಯಲ್ಲಿ ಮಿಂದು ಬೆಟ್ಟಕ್ಕೆ ನಡೆಯುತ್ತಿದ್ದರು. ಅದನ್ನು ನೋಡಲೆಂದೇ ಬಂದು ನೆರೆಯುವವರಿದ್ದರು. 1986ರಲ್ಲಿ ಇದನ್ನು ತಡೆಯಲು ಹೋದ ಕಾರ್ಯಕರ್ತರ ಮತ್ತು ಪೊಲೀಸರ ಮೇಲೆಯೇ ಗುಂಪು ಬಿದ್ದು ಅವರ ಬಟ್ಟೆ ಕಿತ್ತಿತು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಅದು ಸರಿಯಾದ ಕ್ರಮವೆಂಬುದು ನಮ್ಮ ಅಭಿಪ್ರಾಯ. ಅಕ್ಕನವರದು ಅರಿವಿನಿಂದ ಬಂದ ನಡೆ. ರೋಗದ ಭಯಕ್ಕೆ, ದೇವತೆಯ ಶಾಪದ ಭಯಕ್ಕೆ ಬಟ್ಟೆ ಕಳಚುವವಳಿಗೆ ಅಲ್ಲಿ ಸ್ವಾತಂತ್ರ್ಯ ಎಲ್ಲಿಯದು? ಅಂಥವಳ ಭಯವನ್ನು ಕಳೆಯುವುದು ಧರ್ಮ, ಅವಳನ್ನು ನೋಟಕ್ಕಿಡುವುದು ಧರ್ಮವಲ್ಲ.

ಇದಕ್ಕಿಂತ ಘೋರವಾದದ್ದು ಒಂದುಂಟು. 2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲ್ಲೂಕಿನ ವಂಟಮುರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯೊಡನೆ ಊರು ಬಿಟ್ಟನೆಂಬ ಕಾರಣಕ್ಕೆ ಅವನ ತಾಯಿಯನ್ನು ಬೆತ್ತಲೆಗೊಳಿಸಿ ಕಂಬಕ್ಕೆ ಕಟ್ಟಿದರು. ಕರ್ನಾಟಕ ಹೈಕೋರ್ಟು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು, ನೋಡುತ್ತ ಸುಮ್ಮನೆ ನಿಂತವರನ್ನೂ ಖಂಡಿಸಿತು. ಹೆಣ್ಣಿನ ಬಟ್ಟೆಗೆ ಬಲವಂತದಿಂದ ಕೈ ಹಾಕಿದವನಿಗೆ ಕಾನೂನು ಮೂರರಿಂದ ಏಳು ವರ್ಷಗಳ ಸೆರೆವಾಸವನ್ನು ಹೇಳುತ್ತದೆ. ಮೂರು ತಿಂಗಳೆಲ್ಲಿ, ಏಳು ವರ್ಷವೆಲ್ಲಿ! ಈ ಅಂತರ ನ್ಯಾಯವಾದದ್ದು. ತಾನಾಗಿ ಸೀರೆ ಬಿಟ್ಟ ಅಕ್ಕನವರ ಮಾನ ಹೋಗಲಿಲ್ಲ. ವಂಟಮುರಿಯಲ್ಲಿ ಆ ತಾಯಿಯ ಮಾನ ಹೋಗಲಿಲ್ಲ, ಹೋದದ್ದು ಎಳೆದವರದು ಮತ್ತು ಕೈಕಟ್ಟಿ ನೋಡಿದವರದು.

ಹೆಣ್ಣುಮಕ್ಕಳ ಉಡುಪಿನ ಅಳತೆ ನೋಡುವುದರಲ್ಲಿಯೇ ಧರ್ಮರಕ್ಷಣೆ ಇದೆಯೆಂದು ನಮ್ಮ ಹಳ್ಳಿಯ ಕಟ್ಟೆಗಳಲ್ಲಿ ಕೆಲವು ಹಿರಿಯರು ಭಾವಿಸುತ್ತಾರೆ. ಅವರಿಗೆ ನಾವು ಹೇಳುವುದಿಷ್ಟೇ: ಮೊದಲು ನಿಮ್ಮ ಊರಿನ ಗಂಡುಹುಡುಗರ ಕಣ್ಣಿಗೆ ಸಂಸ್ಕಾರ ಕೊಡಿ. ಯುವಕ ಯುವತಿಯರಿಗೂ ಒಂದು ಮಾತು: ನನ್ನ ದೇಹ, ನನ್ನ ಇಚ್ಛೆ ಎನ್ನುವಾಗ ಎದುರಿಗಿರುವ ಮಗುವಿನ, ಮುದುಕರ ಮನಸ್ಸನ್ನೂ ನೆನೆಯಿರಿ. ಅಷ್ಟು ಕರುಣೆ ಇದ್ದಲ್ಲಿ ಪೊಲೀಸರ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಅಕ್ಕನವರು ಕಲ್ಯಾಣದಲ್ಲಿ ಬಹುಕಾಲ ನಿಲ್ಲಲಿಲ್ಲ. ಪ್ರಭುದೇವರ ಅಪ್ಪಣೆ ಪಡೆದು, ಶರಣರಿಗೆಲ್ಲ ವಂದಿಸಿ, ಶ್ರೀಶೈಲದತ್ತ ನಡೆದರು. ಅಲ್ಲಿ ಕದಳಿಯ ವನದಲ್ಲಿ ಚೆನ್ನಮಲ್ಲಿಕಾರ್ಜುನನೊಳಗೆ ಬಯಲಾದರು. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ ಇಂದು ಅವರ ಹೆಸರನ್ನು ಹೊತ್ತಿದೆ. ಅಲ್ಲಿ ಓದಿ ಬರುವ ನಮ್ಮ ಹೆಣ್ಣುಮಕ್ಕಳು ಕತ್ತಲಾದ ಮೇಲೂ ಅಂಜಿಕೆಯಿಲ್ಲದೆ ತಮ್ಮ ಊರಿನ ದಾರಿ ಹಿಡಿಯುವಂತಾಗಲಿ. ದಾರಿಯಲ್ಲಿ ಎದುರಾದವರೆಲ್ಲ ಅವರಿಗೆ ಅಣ್ಣಂದಿರಾಗಲಿ ಎಂದು ಹಾರೈಸುತ್ತೇವೆ.